‘ಆದೇಶಿಸು’: ಎಲ್ಲಿ ಬಳಸಬೇಕು, ಹೇಗೆ ಬಳಸಬೇಕು, ಎಲ್ಲಿ ಬಿಡಬೇಕು

‘ಆದೇಶಿಸು’ ಬಳಸುವ ಮುನ್ನ ಎರಡು ಪ್ರಶ್ನೆ ಕೇಳಿಕೊಳ್ಳಿ. ಹೇಳುವವರಿಗೆ ಸ್ಥಾನಬಲದ ಅಧಿಕಾರ ಇದೆಯೇ? ಕೇಳುವವರು ಅದಕ್ಕೆ ಬದ್ಧರೇ? ಎರಡಕ್ಕೂ ಹೌದು ಎಂದಾದರೆ ಮಾತ್ರ ಈ ಕ್ರಿಯಾಪದ ಹೊಂದುತ್ತದೆ. ತಹಶೀಲ್ದಾರರು ಒತ್ತುವರಿ ತೆರವಿಗೆ ಆದೇಶಿಸುತ್ತಾರೆ. ವೈದ್ಯರು ವಿಶ್ರಾಂತಿ ಪಡೆಯಲು ಆದೇಶಿಸುವುದಿಲ್ಲ, ಸಲಹೆ ಕೊಡುತ್ತಾರೆ. ಅಜ್ಜಿ ಮೊಮ್ಮಗನಿಗೆ ಆದೇಶಿಸಿದಳು ಎಂದು ಬರೆದರೆ ಓದುಗರು ಅದನ್ನು ತಮಾಷೆ ಎಂದೇ ತೆಗೆದುಕೊಳ್ಳುತ್ತಾರೆ. ತಮಾಷೆ ಬೇಕಿಲ್ಲದಿದ್ದರೆ ‘ಹೇಳಿದಳು’, ‘ಗದರಿಸಿದಳು’ ಸಾಕು.

ಆ್ಯಪ್‌ಗಳಲ್ಲಿ ಕಾಣುವ ‘ಈಗಲೇ ಆದೇಶಿಸಿ’ ಯಂತ್ರಾನುವಾದದ ಕೂಸು. ಸಾಮಾನು ತರಿಸುವುದಕ್ಕೂ ಅಧಿಕಾರಕ್ಕೂ ಸಂಬಂಧವಿಲ್ಲ. ಅಲ್ಲಿ ‘ತರಿಸಿಕೊಳ್ಳಿ’ ಅಥವಾ ‘ಆರ್ಡರ್ ಮಾಡಿ’ ಎನ್ನಬೇಕು. ಜನ ಆಡುವುದೂ ಹಾಗೆಯೇ.

ಸಂಸ್ಕೃತದ ‘ಆದೇಶ’ಕ್ಕೆ ಕನ್ನಡದ ‘ಇಸು’ ಸೇರಿ ಈ ಧಾತು ಆಗಿದೆ. ‘ಆಧೇಶ’ ಎಂದು ಮಹಾಪ್ರಾಣ ಹಾಕುವುದೂ ‘ಆದೇಷ’ ಎಂದು ಬರೆಯುವುದೂ ತಪ್ಪು. ವ್ಯಾಕರಣದಲ್ಲಿ ಇದೇ ಪದಕ್ಕೆ ಬೇರೆ ಕೆಲಸವಿದೆ: ಒಂದಕ್ಷರದ ಜಾಗಕ್ಕೆ ಇನ್ನೊಂದು ಬರುವುದು ಆದೇಶ. ಮಳೆ + ಕಾಲ ‘ಮಳೆಗಾಲ’ ಆಗುವುದು ಆದೇಶಸಂಧಿ. ಅಲ್ಲಿ ಯಾರೂ ಯಾರಿಗೂ ಅಪ್ಪಣೆ ಕೊಡುತ್ತಿಲ್ಲ.

ಇನ್ನು ವಿಭಕ್ತಿ. ಆದೇಶ ಯಾರಿಗೆ ಹೋಗುತ್ತದೋ ಅವರಿಗೆ ಚತುರ್ಥಿ: ‘ಸಿಬ್ಬಂದಿಗೆ’, ‘ಪೊಲೀಸರಿಗೆ’. ‘ಅಧಿಕಾರಿಯು ಸಿಬ್ಬಂದಿಯನ್ನು ಹೊರಡಲು ಆದೇಶಿಸಿದರು’ ಎಂಬ ವಾಕ್ಯ ಇಂಗ್ಲಿಷ್ ಅಚ್ಚಿನಲ್ಲಿ ಎರಕ ಹೊಯ್ದದ್ದು. ಆದೇಶದ ವಿಷಯ ಒಂದೇ ನಾಮಪದವಾಗಿದ್ದರೆ ಅದಕ್ಕೂ ಚತುರ್ಥಿಯೇ ರೂಢಿ: ‘ತನಿಖೆಗೆ ಆದೇಶಿಸಿದರು’. ತೊಡಕು ಹುಟ್ಟುವುದು ಎರಡೂ ಒಟ್ಟಿಗೆ ಬಂದಾಗ. ‘ಪೊಲೀಸರಿಗೆ ತನಿಖೆಗೆ ಆದೇಶಿಸಿದರು’ ಎಂದರೆ ಕಿವಿಗೆ ಒರಟು. ಆಗ ನಾಮಪದವನ್ನು ಕ್ರಿಯೆಗೆ ತಿರುಗಿಸಿ: ‘ತನಿಖೆ ನಡೆಸುವಂತೆ ಪೊಲೀಸರಿಗೆ ಆದೇಶಿಸಿದರು’.

ಕ್ರಿಯೆಯನ್ನು ಜೋಡಿಸಲು ಮೂರು ದಾರಿಗಳಿವೆ. ‘ಸಲ್ಲಿಸಲು ಆದೇಶಿಸಿದರು’ ಚಿಕ್ಕದು, ತಲೆಬರಹಕ್ಕೆ ಒಗ್ಗುತ್ತದೆ. ‘ಸಲ್ಲಿಸುವಂತೆ ಆದೇಶಿಸಿದರು’ ಎಲ್ಲ ಕಡೆಗೂ ಆಗುತ್ತದೆ. ‘ಸಲ್ಲಿಸಬೇಕೆಂದು ಆದೇಶಿಸಿದರು’ ಎಂದಾಗ ಕಡ್ಡಾಯ ಎದ್ದು ಕಾಣುತ್ತದೆ. ಶಾಸನಗಳ ಕನ್ನಡದಲ್ಲಿ ಇದರ ಜಾಗದಲ್ಲಿ ‘ಸಲ್ಲಿಸತಕ್ಕದ್ದು’ ಬರುತ್ತದೆ. ಅಲ್ಲಿ ‘ತಕ್ಕದ್ದು’ ಕಡ್ಡಾಯ, ‘ಬಹುದು’ ವಿವೇಚನೆಗೆ ಬಿಟ್ಟದ್ದು. ಇವೆರಡನ್ನು ಅದಲುಬದಲು ಮಾಡಿದರೆ ಅರ್ಥವೇ ಬದಲಾದೀತು.

ಕಚೇರಿ ಬರವಣಿಗೆಯಲ್ಲಿ ಹೆಚ್ಚು ಎಡವುವ ಜಾಗ ಬೇರೆ. ಈ ಎರಡು ವಾಕ್ಯ ನೋಡಿ:

‘ಇವರನ್ನು ಮೈಸೂರಿಗೆ ವರ್ಗಾವಣೆ ಮಾಡಿ ಆದೇಶಿಸಿದೆ.’
‘ಇವರನ್ನು ಮೈಸೂರಿಗೆ ವರ್ಗಾವಣೆ ಮಾಡುವಂತೆ ಆದೇಶಿಸಿದೆ.’

ಮೊದಲನೆಯದರಲ್ಲಿ ಈ ಕಾಗದವೇ ವರ್ಗಾವಣೆ. ಸಹಿ ಬಿದ್ದೊಡನೆ ಕ್ರಮ ಆಯಿತು, ಇನ್ನೊಬ್ಬರು ಮತ್ತೆ ವರ್ಗ ಮಾಡಬೇಕಿಲ್ಲ. ಎರಡನೆಯದರಲ್ಲಿ ವರ್ಗಾವಣೆ ಇನ್ನೂ ಆಗಿಲ್ಲ; ಕೆಳಗಿನ ಯಾವುದೋ ಅಧಿಕಾರಿ ಮಾಡಬೇಕು. ಸಾಮಾನ್ಯ ಕನ್ನಡದಲ್ಲಿ ‘ಊಟ ಮಾಡಿ ಹೊರಟರು’ ಎಂದರೆ ಒಂದಾದ ಮೇಲೆ ಇನ್ನೊಂದು. ಆದೇಶದ ಕನ್ನಡದಲ್ಲಿ ‘ಮಾಡಿ ಆದೇಶಿಸಿದೆ’ ಎಂದರೆ ಎರಡೂ ಒಂದೇ ಕ್ರಿಯೆ. ‘ಮಂಜೂರಾತಿ ನೀಡಿ’, ‘ಅಮಾನತುಗೊಳಿಸಿ’, ‘ರದ್ದುಪಡಿಸಿ’ ಎಲ್ಲವೂ ಹೀಗೆಯೇ. ಸುದ್ದಿ ಬರೆಯುವವರು ‘ಅಮಾನತುಗೊಳಿಸಿ ಆದೇಶ’ ಇದ್ದದ್ದನ್ನು ‘ಅಮಾನತಿಗೆ ಸೂಚನೆ’ ಎಂದು ತಿದ್ದಿದರೆ, ಆಗಿಹೋದ ಕ್ರಮವನ್ನು ಆಗಬೇಕಾದ ಕ್ರಮವಾಗಿಸಿದಂತೆ. ಹಾಗಾಗಿ ಕರಡು ಕೈಗೆ ಬಂದಾಗ ಮೊದಲು ಕೊನೆಯ ಕ್ರಿಯಾಪದದ ಹಿಂದೆ ‘ಇ’ಕಾರಾಂತ ಇದೆಯೋ ‘ವಂತೆ’ ಇದೆಯೋ ನೋಡಿ. ‘ವಂತೆ’ ಇದ್ದರೆ ಅದನ್ನು ಮಾಡಬೇಕಾದವರ ಹೆಸರೂ ಗಡುವೂ ಇರಲೇಬೇಕು.

ಇದೇ ‘ಆದೇಶಿಸಿದೆ’ ಎಂಬ ರೂಪಕ್ಕೆ ಎರಡು ಮುಖ. ‘ನಾನು ಆದೇಶಿಸಿದೆ’ ಉತ್ತಮ ಪುರುಷದ ಭೂತಕಾಲ. ‘ಸರ್ಕಾರ ಆದೇಶಿಸಿದೆ’ ಎಂಬಲ್ಲಿ ‘ಆದೇಶಿಸಿ ಇದೆ’ ಕೂಡಿಕೊಂಡಿದೆ. ಕರ್ತೃಪದ ಬಿಟ್ಟರೆ ಗೊಂದಲ. ನಡೆದ ಘಟನೆಯನ್ನಷ್ಟೇ ಹೇಳುವುದಾದರೆ ‘ಪೀಠವು ಆದೇಶಿಸಿತು’ ಎನ್ನಿ. ಆದೇಶ ಈಗಲೂ ಊರ್ಜಿತ ಎಂದು ತೋರಬೇಕಾದರೆ ‘ಆದೇಶಿಸಿದೆ’. ನ್ಯಾಯಾಧೀಶರಿಗಾದರೆ ಗೌರವದ ಬಹುವಚನ: ‘ಆದೇಶಿಸಿದರು’.

ನಿಷೇಧದಲ್ಲಿ ‘ಇಲ್ಲ’ ಎಲ್ಲಿ ಬೀಳುತ್ತದೆ ಎಂಬುದು ಮುಖ್ಯ. ‘ಸಭೆ ಸೇರದಂತೆ ಆದೇಶಿಸಿದರು’ ಎಂದರೆ ಸೇರಬಾರದು. ‘ಸಭೆ ಸೇರುವಂತೆ ಆದೇಶಿಸಲಿಲ್ಲ’ ಎಂದರೆ ಸೇರಿ ಎಂಬ ಆದೇಶ ಬರಲಿಲ್ಲ, ಅಷ್ಟೆ. ಸೇರಿದರೆ ತಪ್ಪೇನೂ ಇಲ್ಲ. ಗುಂಪು ಸೇರುವುದನ್ನು ತಡೆಯುವ ಆದೇಶಕ್ಕೆ ‘ನಿಷೇಧಾಜ್ಞೆ’ ಎಂಬ ಹೆಸರೇ ಇರುವುದರಿಂದ ಅಲ್ಲಿ ‘ನಿಷೇಧಾಜ್ಞೆ ಹೊರಡಿಸಿದರು’ ಸಾಕು. ಜನರ ಬಾಯಲ್ಲಿ ಅದು ಇನ್ನೂ 144. ಆದರೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು 163ನೇ ಕಲಂ. ಹೊಸ ಆದೇಶದ ಬಗ್ಗೆ ಬರೆಯುವಾಗ ಹಳೆಯ ಸಂಖ್ಯೆ ಹಾಕಬೇಡಿ.

ನೆರೆಯ ಪದಗಳಲ್ಲಿ ತೂಕ ಬೇರೆ ಬೇರೆ. ‘ಆಜ್ಞಾಪಿಸು’ ರಾಜ, ಸೇನಾಪತಿ, ಪುರಾಣದ ಭಾಷೆ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ ಹಚ್ಚಿದರೆ ನಾಟಕದ ಮಾತಾಗುತ್ತದೆ. ‘ನಿರ್ದೇಶನ ನೀಡು’ ನ್ಯಾಯಾಲಯವು ಸರ್ಕಾರಕ್ಕೋ ಅಧಿಕಾರಿಗೋ ದಾರಿ ತೋರಿಸಿ ಹೇಳುವಾಗ. ‘ಸೂಚಿಸು’ ಮೆತ್ತಗೆ ಕೇಳಿಸಿದರೂ ಮೇಲಧಿಕಾರಿಯ ಪತ್ರದಲ್ಲಿ ‘ಸೂಚಿಸಲಾಗಿದೆ’ ಎಂದಿದ್ದರೆ ಅದನ್ನು ಸಲಹೆ ಎಂದು ಬದಿಗಿಡುವಂತಿಲ್ಲ. ‘ತಾಕೀತು ಮಾಡು’ ಎಂದರಾಯಿತು, ಎಚ್ಚರಿಕೆಯ ಖಾರವೂ ಬರುತ್ತದೆ. ದಂಡಕ್ಕೂ ಶಿಕ್ಷೆಗೂ ‘ವಿಧಿಸು’. ‘ಅಪ್ಪಣೆ’ಯಲ್ಲಿ ಆಜ್ಞೆಯೂ ಇದೆ, ಅನುಮತಿಯೂ ಇದೆ, ‘ಅಪ್ಪಣೆ ಕೊಡಿ, ಬರ್ತೀನಿ’ ಎನ್ನುವವರು ಹೊರಡಲು ಅನುಮತಿ ಕೇಳುತ್ತಿದ್ದಾರೆ. ಹಳಗನ್ನಡದ ‘ಬೆಸಸು’ ಇದೇ ಅರ್ಥದ್ದು, ಈಗ ಕಾವ್ಯ ಓದುವವರಿಗಷ್ಟೇ ಪರಿಚಿತ. ಅರಬ್ಬಿ ಮೂಲದ ‘ಹುಕುಂ’ ಮಾತ್ರ ಕಂದಾಯ ಇಲಾಖೆಯಲ್ಲಿ ಬದುಕಿದೆ: ಹುಕುಂ ಇಲ್ಲದೆ ಸರ್ಕಾರಿ ಜಮೀನು ಉಳುವುದು ಬಗರ್ ಹುಕುಂ.

‘ಆದೇಶ ಹೊರಡಿಸು’ ಮತ್ತು ‘ಆದೇಶ ಜಾರಿ ಮಾಡು’ ಒಂದೇ ಅಲ್ಲ. ಕಾಗದ ಹೊರಬೀಳುವುದು ಮೊದಲನೆಯದು, ಅದರಂತೆ ಕೆಲಸ ನಡೆಸುವುದು ಎರಡನೆಯದು. ಪತ್ರಿಕೆಗಳು ಎರಡಕ್ಕೂ ‘ಜಾರಿ’ ಎನ್ನುತ್ತವೆ; ಓದುಗರಿಗೆ ಆದೇಶ ಬಂತೋ, ಅದರಂತೆ ನಡೆಯಿತೋ ತಿಳಿಯುವುದಿಲ್ಲ.

ದಿನದ ಜಾಗವೂ ಅರ್ಥ ಕೆಡಿಸಬಲ್ಲದು. ‘ಸೋಮವಾರ ವರದಿ ಸಲ್ಲಿಸುವಂತೆ ಆದೇಶಿಸಿದರು’ ಎಂಬಲ್ಲಿ ಸೋಮವಾರ ಆದದ್ದು ಆದೇಶವೋ, ಆಗಬೇಕಾದದ್ದು ಸಲ್ಲಿಕೆಯೋ? ಆದೇಶದ ದಿನವನ್ನು ‘ಆದೇಶಿಸಿದರು’ ಪದದ ಪಕ್ಕಕ್ಕೆ ತನ್ನಿ, ಗಡುವಿಗೆ ‘ಒಳಗೆ’ ಹಚ್ಚಿ: ‘ಸೋಮವಾರದೊಳಗೆ ವರದಿ ಸಲ್ಲಿಸುವಂತೆ ಶುಕ್ರವಾರ ಆದೇಶಿಸಿದರು’.

ಕರ್ಮಣಿ ಪ್ರಯೋಗದ ‘ಆದೇಶಿಸಲಾಗಿದೆ’ ಕರ್ತೃವನ್ನು ಮರೆಮಾಡುತ್ತದೆ. ರಾಜ್ಯ ಸರ್ಕಾರದ ಆದೇಶದಲ್ಲಿ ಇದರಿಂದ ತೊಂದರೆಯಿಲ್ಲ. ಸಂವಿಧಾನದ 166ನೇ ಅನುಚ್ಛೇದದಂತೆ ರಾಜ್ಯದ ಕಾರ್ಯಾಂಗದ ಕ್ರಮಗಳು ರಾಜ್ಯಪಾಲರ ಹೆಸರಿನಲ್ಲಿ ಹೊರಡುವುದರಿಂದ, ಕೆಳಗೆ ಸಹಿಯ ಮೇಲೆ ‘ಕರ್ನಾಟಕ ರಾಜ್ಯಪಾಲರ ಆದೇಶಾನುಸಾರ ಮತ್ತು ಅವರ ಹೆಸರಿನಲ್ಲಿ’ ಎಂಬ ಸಾಲು ಇರುತ್ತದೆ. ಆ ಸಾಲಿಲ್ಲದ ಸಂಘ, ಸಂಸ್ಥೆ, ಶಾಲೆಯ ಕಾಗದದಲ್ಲಿ ಮರೆಮಾಡಬೇಡಿ: ‘ಆಡಳಿತ ಮಂಡಳಿಯು ಆದೇಶಿಸಿದೆ’ ಎಂದು ಬರೆದರೆ, ಮೇಲ್ಮನವಿ ಯಾರಿಗೆ ಸಲ್ಲಿಸಬೇಕೆಂದು ಓದಿದವರಿಗೆ ಗೊತ್ತಾಗುತ್ತದೆ.