ಕರ್ನಲ್ ತಿಂದ ಮೊಸರು

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ನಮ್ಮದೊಂದು ಪುಟ್ಟ ಕಚೇರಿ. ಯಂತ್ರಗಳಿಗೆ ಕಂಟ್ರೋಲರ್ ಬೋರ್ಡ್ ಮಾಡ್ತೀವಿ: ನಾಲ್ಕು ಕೋರ್, 2 ಜಿಬಿ ರ‍್ಯಾಮ್, ಮೇಲೆ ಲಿನಕ್ಸ್. ಅದರಲ್ಲೊಂದು ಬೋರ್ಡ್ ರಾತ್ರಿ ಹೊತ್ತು ಯಾವಾಗಲೋ ಒಮ್ಮೆ ಸೆನ್ಸರ್ ಓದೋದನ್ನು ತಡ ಮಾಡ್ತಿತ್ತು. ಎಫ್‌ಟ್ರೇಸ್ (ಲಿನಕ್ಸ್‌ನ ತಿರುಳಾದ ಕರ್ನಲ್ ಒಳಗೆ ಏನೇನು ನಡೆಯುತ್ತೆ ಅಂತ ದಾಖಲಿಸೋ ಸಲಕರಣೆ) ಹಾಕಿ ಹಿಡಿಯೋಣ ಅಂತ ಕೂತೆ.

ಆ ದಾಖಲೆ ಮೆಮೊರಿಯಲ್ಲಿ ಕೂರೋ ಜಾಗವಾದ ಟ್ರೇಸ್ ಬಫರ್ ಸುತ್ತು ಬಫರ್. ತುಂಬಿದರೆ ಹಳೆಯದರ ಮೇಲೆ ಹೊಸದು ಬರೆಯುತ್ತೆ. ಇಡೀ ರಾತ್ರಿಯದು ಬೇಕಲ್ಲ ಅಂತ 'ಬಫರ್_ಸೈಜ್_ಕೆಬಿ' ಕಡತಕ್ಕೆ 524288 ಬರೆದೆ. ಅಂದರೆ 512 ಎಂಬಿ. ಎಂಟರ್ ಒತ್ತಿದ್ದಷ್ಟೇ, ಪಕ್ಕದ ಮೇಜಿನಿಂದ ಮಂಡ್ಯದ ಗೆಳೆಯ ಕೂಗಿದ: "ಏನ್ಲಾ ಮಾಡ್ದೆ? ಬೋರ್ಡ್ ಮಲಗ್ಬುಡ್ತಲ್ಲ!"

ಆ ಕಡತದಲ್ಲಿ ಬರೆಯೋದು ಒಂದೊಂದು ಕೋರ್‌ನ ಲೆಕ್ಕ. ನಾಲ್ಕರಿಂದ ಗುಣಿಸಿದರೆ 2 ಜಿಬಿ, ಇರೋ ರ‍್ಯಾಮೆಲ್ಲ ಅಲ್ಲಿಗೇ. ಒಟ್ಟು ಲೆಕ್ಕ ತೋರಿಸೋಕೆ ಪಕ್ಕದಲ್ಲೇ 'ಬಫರ್_ಟೋಟಲ್_ಸೈಜ್_ಕೆಬಿ' ಇದೆ. ನಾನು ನೋಡಿರಲಿಲ್ಲ.

ತಪ್ಪು ನನ್ನದೇ, ಸರಿ. ಆದರೆ ಸತ್ತದ್ದು ನಾನು ಆಜ್ಞೆ ಟೈಪ್ ಮಾಡಿದ ಶೆಲ್ ಅಲ್ಲ, ಏನೂ ಅರಿಯದ ಸೆನ್ಸರ್ ಪ್ರೋಗ್ರಾಂ, ಆಮೇಲೆ ಡೇಟಾಬೇಸ್. ಮೆಮೊರಿ ಮುಗಿದಾಗ ಪ್ರೋಗ್ರಾಂ ಕೊಂದು ಜಾಗ ಮಾಡೋದು ಕರ್ನಲ್‌ನ ಓಓಎಂ ಕಿಲ್ಲರ್. ಅದು ಪ್ರತಿ ಪ್ರೋಗ್ರಾಂ ಹಿಡಿದಿಟ್ಟಿರೋ ರ‍್ಯಾಮ್, ಸ್ವಾಪ್ (ಡಿಸ್ಕ್‌ಗೆ ಸರಿಸಿದ ಮೆಮೊರಿ), ಪೇಜ್ ಟೇಬಲ್ (ಅದರ ಮೆಮೊರಿ ಎಲ್ಲೆಲ್ಲಿದೆ ಅನ್ನೋ ಪಟ್ಟಿ) ಎಣಿಸಿ ದೊಡ್ಡದನ್ನು ಕೊಲ್ಲುತ್ತೆ. ಟ್ರೇಸ್ ಬಫರ್‌ನ ಪುಟಗಳು, ಅಂದರೆ ಮೆಮೊರಿ ತುಂಡುಗಳು, ಕರ್ನಲ್‌ನವು, ಯಾರ ಖಾತೆಗೂ ಸೇರಲ್ಲ. ಕೋತಿ ಮೊಸರು ತಿಂದು ಮೇಕೆ ಬಾಯಿಗೆ ಒರೆಸಿತು ಅಂತಾರಲ್ಲ, ಅಚ್ಚು ಅದೇ. ಮೇಕೆ ಸತ್ತು ಖಾಲಿಯಾದ ಜಾಗವನ್ನೂ ಬಫರ್ ಬಾಚಿಕೊಳ್ತಿತ್ತು. ಮತ್ತೆ ಕೊರತೆ, ಮತ್ತೊಂದು ಮೇಕೆ.

ನಮ್ಮ ಬೋರ್ಡ್‌ನಲ್ಲಿದ್ದದ್ದು ಹಳೆಯ ಕರ್ನಲ್. 2018ರಲ್ಲಿ, 4.17ರ ಹೊತ್ತಿಗೆ, ಇದಕ್ಕೆ ಎರಡು ಕಟ್ಟುಪಾಡು ಬಂದಿವೆ. ಒಂದು, ಕೇಳಿದಷ್ಟು ಪುಟ ಸಿಗಬಹುದಾ ಅಂತ ಮೊದಲೇ ಅಂದಾಜು ಮಾಡಿ, ಇಲ್ಲದಿದ್ದರೆ ಅಲ್ಲೇ 'ಮೆಮೊರಿ ಇಲ್ಲ' ಅನ್ನೋದು. ಅದು ಅಂದಾಜು ಮಾತ್ರ, ಮೆಮೊರಿ ಮುಗಿಯೋ ಅಂಚಿನಲ್ಲಿ ಕೈಕೊಡುತ್ತೆ. ಅದಕ್ಕೇ ಎರಡನೆಯದು: ಹಂಚಿಕೆ ನಡೆಯುವಾಗ ಕೇಳಿದ ಪ್ರೋಗ್ರಾಂ ಮೇಲೆ ಗುರುತು ಹಾಕಿಟ್ಟು, ಕೊಲ್ಲಬೇಕಾದರೆ ಮೊದಲು ಅದನ್ನೇ ಕೊಲ್ಲೋದು.

ಹೊಸ ಕರ್ನಲ್ ಹಾಕಿ, ಧೈರ್ಯ ಬಂತು ಅಂತ ಅಂಚಿಗೆ ಹತ್ತಿರದ ಒಂದು ಅಳತೆ ಕೊಟ್ಟೆ. ಈ ಸಲ ಬೋರ್ಡ್‌ಗೆ ದೂರದಿಂದ ಲಾಗಿನ್ ಆಗಿದ್ದ ನನ್ನ ಎಸ್‌ಎಸ್‌ಎಚ್ ಸೆಷನ್ನೇ ಮಾಯ! ನನ್ನ ಶೆಲ್ ಬ್ಯಾಶ್. ಅದರಲ್ಲಿ, ಕಡತಕ್ಕೆ ಬರೆಯೋಕೆ ನಾನು ಬಳಸಿದ 'ಎಕೋ' ಬೇರೆ ಪ್ರೋಗ್ರಾಂ ಅಲ್ಲ, ಶೆಲ್ಲೇ ಬರೆಯುತ್ತೆ. ಹಾಗಾಗಿ ಗುರುತು ಬಿದ್ದದ್ದು ಶೆಲ್ ಮೇಲೆ. ಈಗ 'ಟೀ' ಅನ್ನೋ ಬೇರೆ ಪ್ರೋಗ್ರಾಂ ಮೂಲಕ ಬರೀತೀನಿ, ಸತ್ತರೆ ಅದು ಸಾಯಲಿ.

ಅಳತೆಯನ್ನೂ ತಗ್ಗಿಸಿದೆ. ಸೆನ್ಸರ್ ಥ್ರೆಡ್ (ಸೆನ್ಸರ್ ಓದೋ ಕೆಲಸದ ಎಳೆ) ಓಡೋ ಒಂದು ಕೋರ್‌ಗೆ ಮಾತ್ರ, 'ಪರ್_ಸಿಪಿಯು' ಫೋಲ್ಡರ್‌ನೊಳಗಿನ ಕಡತದಲ್ಲಿ, 32 ಎಂಬಿ. ಉಳಿದವು ಮೊದಲಿನ 1408 ಕೆಬಿಯಲ್ಲೇ ಇರಲಿ ಅಂತ ಬಿಟ್ಟೆ. 'ಟ್ರೇಸಿಂಗ್_ಸಿಪಿಯುಮಾಸ್ಕ್' ಬದಲಿಸಿದರೆ ಮೆಮೊರಿ ಉಳಿಯುತ್ತೆ ಅಂದುಕೊಂಡಿದ್ದೆ, ಇಲ್ಲ. ಅದು ಯಾವ ಕೋರ್‌ನದು ದಾಖಲಾಗಬೇಕು ಅನ್ನೋದನ್ನಷ್ಟೇ ಹೇಳುತ್ತೆ. ಆ ಕ್ಷಣದವರೆಗಿನ ದಾಖಲೆ ಬೇರೆ ತೆಗೆದಿಡೋ ಸ್ನ್ಯಾಪ್‌ಶಾಟ್ ಮುಟ್ಟಲಿಲ್ಲ, ಅದಕ್ಕೆ ಅಷ್ಟೇ ದೊಡ್ಡ ಇನ್ನೊಂದು ಬಫರ್ ಬೇಕು. ಇದನ್ನೆಲ್ಲ ಮಾಡೋ ನನ್ನ ಸ್ಕ್ರಿಪ್ಟ್ 'ಫ್ರೀ_ಬಫರ್' ಕಡತವನ್ನು ತೆರೆದಿಟ್ಟುಕೊಂಡೇ ಓಡುತ್ತೆ. ಸ್ಕ್ರಿಪ್ಟ್ ಹೇಗೆ ಸತ್ತರೂ ಕಡತ ಮುಚ್ಚಿ ಬಫರ್ ಕುಗ್ಗುತ್ತೆ.

ಇಡೀ ರಾತ್ರಿಯ ಆಸೆಯನ್ನೂ ಬಿಟ್ಟೆ. ತಡ ಕಂಡ ಕೂಡಲೇ ಸೆನ್ಸರ್ ಪ್ರೋಗ್ರಾಂ ತಾನೇ 'ಟ್ರೇಸಿಂಗ್_ಆನ್'ಗೆ ಸೊನ್ನೆ ಬರೆದು ದಾಖಲೆ ನಿಲ್ಲಿಸಿದರೆ ಹಿಂದಿನ ಕೆಲವು ಸೆಕೆಂಡ್ ಸಾಕು. ಕರ್ನಲ್‌ನ ಒಂದೊಂದು ಫಂಕ್ಷನ್ ಕರೆಯನ್ನೂ ಬರೆಯೋ ಫಂಕ್ಷನ್ ಟ್ರೇಸರ್ ತೆಗೆದು, ಶೆಡ್ಯೂಲರ್ (ಯಾವ ಕೆಲಸ ಯಾವಾಗ ಓಡಬೇಕು ಅಂತ ತೀರ್ಮಾನಿಸೋದು) ಮತ್ತು ಇಂಟರಪ್ಟ್ (ಹಾರ್ಡ್‌ವೇರ್ ಕೋರ್‌ನ ಕೆಲಸ ತಡೆದು ಕರೆಯೋದು) ಘಟನೆಗಳನ್ನಷ್ಟೇ ಇಟ್ಟೆ.

ಮೂರನೇ ರಾತ್ರಿ ಸಿಕ್ಕಿತು. ಲಾಗ್ ಬರೆಯೋ ಎಸ್‌ಡಿ ಕಾರ್ಡ್‌ನ ಇಂಟರಪ್ಟ್‌ಗಳೆಲ್ಲ ಸೆನ್ಸರ್ ಥ್ರೆಡ್ ಇದ್ದ ಕೋರ್‌ಗೇ ಬಂದು ಬೀಳ್ತಿದ್ದವು. ಬೇರೆ ಕೋರ್‌ಗೆ ಹೊರಳಿಸಿದೆ. ಗೆಳೆಯ ಮಾತ್ರ ನಾನು ಟರ್ಮಿನಲ್ ತೆರೆದರೆ ಇವತ್ತಿಗೂ ತನ್ನ ಕಡತಗಳನ್ನು ಮೊದಲು ಸೇವ್ ಮಾಡ್ಕೊಳ್ತಾನೆ.