ವೈಸ್ ಮಾನಿಟರ್‌ನಲ್ಲಿ ಲೇಬಲ್ ಪಟ್ಟಿ ನೋಡೋದು ಹೇಗೆ

ಕಮೋಡೋರ್ 64 ಅನ್ನೋ ಹಳೇ ಹೋಮ್ ಕಂಪ್ಯೂಟರ್‌ಗೆ ಅಸೆಂಬ್ಲಿ (ಪ್ರೊಸೆಸರ್ ಸೂಚನೆಗಳನ್ನೇ ನೇರವಾಗಿ ಬರೆಯುವ ಭಾಷೆ) ಬರೆಯೋದು ನನ್ನ ರಾತ್ರಿ ಹೊತ್ತಿನ ಹುಚ್ಚು. ಆ ಯಂತ್ರವನ್ನು ಇವತ್ತಿನ ಕಂಪ್ಯೂಟರ್‌ನಲ್ಲಿ ಅನುಕರಿಸುವ ವೈಸ್ ಎಮ್ಯುಲೇಟರ್‌ನಲ್ಲಿ ಒಂದು ಮಾನಿಟರ್ ಇದೆ, ಅಂದರೆ ಪ್ರೋಗ್ರಾಂ ನಿಲ್ಲಿಸಿ ಮೆಮೊರಿ ಇಣುಕುವ ಕಮಾಂಡ್ ಕಿಟಕಿ. ಅದಕ್ಕೆ ನಮ್ಮ ಲೇಬಲ್‌ಗಳು (ಮೆಮೊರಿ ವಿಳಾಸಗಳಿಗೆ ನಾವಿಟ್ಟ ಹೆಸರುಗಳು) ತಾನಾಗಿ ಗೊತ್ತಿರೋದಿಲ್ಲ, ನಾವೇ ಕೊಡಬೇಕು.

ಕೋಡನ್ನು ಓಡುವ ಪ್ರೋಗ್ರಾಂ ಆಗಿ ಬಿಲ್ಡ್ ಮಾಡಲು ನಾನು ಸಿಸಿ65 ಅನ್ನೋ ಸಿ ಮತ್ತು ಅಸೆಂಬ್ಲಿ ಸಾಧನಗಳ ಕಟ್ಟು ಬಳಸುತ್ತೇನೆ. ಬಿಲ್ಡ್ ಮಾಡುವಾಗ ಅದರ ಸಿಎಲ್65 ಕಮಾಂಡಿಗೆ ಎರಡು ಆಪ್ಷನ್ ಕೊಡಿ: ಹೈಫನ್ ಜಿ, ಮತ್ತು ಹೈಫನ್ ಎಲ್ಎನ್ ಜೊತೆ ಒಂದು ಫೈಲ್ ಹೆಸರು. ಎಲ್ಎನ್‌ನಲ್ಲಿ ಎಲ್ ದೊಡ್ಡಕ್ಷರ, ಎನ್ ಸಣ್ಣದು. ಹೈಫನ್ ಜಿ ಮರೆತರೆ ಎಕ್ಸ್‌ಪೋರ್ಟ್ ಮಾಡದ (ಬೇರೆ ಫೈಲ್‌ಗಳಿಗೆ ಕಾಣದ) ಲೇಬಲ್‌ಗಳು ಫೈಲಿಗೆ ಬರೋದೇ ಇಲ್ಲ. ಆ ಫೈಲ್ ತೆರೆದು ನೋಡಿ. ಪ್ರತಿ ಸಾಲೂ ಎಎಲ್ ಅಂತ ಶುರುವಾಗುತ್ತೆ, ಆಮೇಲೆ ವಿಳಾಸ, ಆಮೇಲೆ ಚುಕ್ಕಿ ಇಟ್ಟ ಹೆಸರು. ಎಎಲ್ ಅಂದರೆ ಲೇಬಲ್ ಸೇರಿಸುವ ಮಾನಿಟರ್ ಕಮಾಂಡೇ. ಅಂದರೆ ಇಡೀ ಫೈಲು ಸುಮ್ನೆ ಕಮಾಂಡ್‌ಗಳ ಸಾಲು, ಅಷ್ಟೇ.

ಪ್ರೋಗ್ರಾಂ ಓಡಿಸಿ, ಮಾನಿಟರ್ ತೆರೆಯಿರಿ. ಲೇಬಲ್ ಲೋಡ್ ಮಾಡಲು ಎಲ್ಎಲ್ ಅಂತ ಬರೆದು, ಫೈಲ್ ಹೆಸರನ್ನು ಜೋಡಿ ಉದ್ಧರಣ ಚಿಹ್ನೆಯೊಳಗೆ ಕೊಡಿ. ನಂತರ ಪಟ್ಟಿ ತೋರಿಸುವ ಎಸ್‌ಹೆಚ್‌ಎಲ್ ಹೊಡೆಯಿರಿ. ವಿಳಾಸ, ಹೆಸರು, ಸಾಲು ಸಾಲಾಗಿ ಬರುತ್ತವೆ. ಸಿ ಭಾಷೆಯಲ್ಲಿ ಬರೆದಿದ್ದರೆ ಪಟ್ಟಿ ಜಾಸ್ತಿ ಉದ್ದ, ಲೈಬ್ರರಿಯ ಹೆಸರುಗಳೂ ಸೇರಿಕೊಂಡಿರುತ್ತವೆ. ಆಗ ನಿಮ್ಮ ಮೇನ್ ಫಂಕ್ಷನ್ ಹುಡುಕುವಾಗ ಹೆಸರಿನ ಮುಂದೆ ಅಂಡರ್‌ಸ್ಕೋರ್ ಇರುತ್ತೆ, ನೆನಪಿರಲಿ.

ಪಟ್ಟಿ ಬಂತು ಅಂತ ಅದನ್ನು ಹಾಗೇ ನಂಬಬೇಡಿ. ನಾನು ನಂಬಿ ಒಂದು ರಾತ್ರಿ ಕಳೆದುಕೊಂಡೆ.

ನನ್ನ ಕೋಡ್ $0810ರಲ್ಲಿ ಶುರು ($ ಇದ್ದರೆ ಹದಿನಾರರ ಲೆಕ್ಕದ ಸಂಖ್ಯೆ). ಮೊದಲು ಎರಡು ಬೈಟಿನ ಎಲ್‌ಡಿಎ, ಅಂದರೆ ಪ್ರೊಸೆಸರ್‌ಗೆ ಒಂದು ಬೆಲೆ ತುಂಬುವ ಸೂಚನೆ. $0812ರಲ್ಲಿ ಬಾರ್ಡರ್ ಬಣ್ಣ ಬದಲಿಸಲು 53280ಕ್ಕೆ, ಅಂದರೆ $D020ಕ್ಕೆ, ಆ ಬೆಲೆ ಬರೆಯುವ ಎಸ್‌ಟಿಎ, ಮೂರು ಬೈಟ್. ಲೂಪ್ ಅನ್ನೋ ಲೇಬಲ್ $0815ರಲ್ಲಿ. ಆಮೇಲೆ ಮೊದಲಿಗೇ ಎರಡು ಬೈಟಿನ ಇನ್ನೊಂದು ಸೂಚನೆ, ಎಲ್‌ಡಿಎಕ್ಸ್, ಸೇರಿಸಿ ಮತ್ತೆ ಬಿಲ್ಡ್ ಮಾಡಿದೆ. ಲೂಪ್ $0817ಕ್ಕೆ ಸರಿಯಿತು. ಮಾನಿಟರ್ ಮಾತ್ರ ಹಳೇ $0815 ಹಿಡಿದುಕೊಂಡಿತ್ತು, ಹೊಸ ಫೈಲ್ ಲೋಡ್ ಮಾಡೋದು ನನಗೆ ಮರೆತೇ ಹೋಗಿತ್ತು.

ಲೂಪ್ ಮೇಲೆ ಬ್ರೇಕ್‌ಪಾಯಿಂಟ್ (ಅಲ್ಲಿಗೆ ಬಂದಾಗ ಪ್ರೋಗ್ರಾಂ ನಿಲ್ಲಿಸುವ ಗುರುತು) ಇಟ್ಟೆ, ನಿಲ್ಲಲೇ ಇಲ್ಲ. ಮೆಮೊರಿಯ ಬೈಟ್‌ಗಳನ್ನು ಮತ್ತೆ ಸೂಚನೆಗಳಾಗಿ ತೋರಿಸುವ (ಡಿಸ್‌ಅಸೆಂಬ್ಲಿ) ಡಿ ಕಮಾಂಡ್ ಕೊಟ್ಟು ಚುಕ್ಕಿ ಲೂಪ್ ಅಂತ ಕೇಳಿದರೆ, ನಾನು ಬರೆದೇ ಇಲ್ಲದ ಜೆಎಸ್‌ಆರ್ (ಸಬ್‌ರುಟೀನ್‌ಗೆ ಜಿಗಿಯುವ ಸೂಚನೆ) ಕಾಣಿಸಿತು! $0815 ಈಗ ಎಸ್‌ಟಿಎ ಸೂಚನೆಯ ಎರಡನೇ ಬೈಟ್. ವಿಳಾಸದ ಕೆಳ ಬೈಟ್ ಮೊದಲು ಬರುವುದರಿಂದ ಅಲ್ಲಿರೋದು $D020ರ $20. ಜೆಎಸ್‌ಆರ್‌ನ ಆಪ್‌ಕೋಡೂ (ಸೂಚನೆಯನ್ನು ಗುರುತಿಸುವ ಬೈಟ್) ಅದೇ, ಅಲ್ವಾ. ಪ್ರೊಸೆಸರ್ ಸೂಚನೆಯ ಮಧ್ಯಕ್ಕೆ ಯಾವತ್ತೂ ಕಾಲಿಡೋದಿಲ್ಲ, ಬ್ರೇಕ್‌ಪಾಯಿಂಟ್ ನಿಲ್ಲೋದಾದರೂ ಹೇಗೆ?

ಹಾಗಾಗಿ ಪ್ರತಿ ಬಿಲ್ಡ್ ಆದ ಮೇಲೂ ಎಲ್ಎಲ್, ಎಸ್‌ಹೆಚ್‌ಎಲ್, ಆಮೇಲೆ ಒಂದು ಲೇಬಲ್ ಆರಿಸಿ ಡಿ. ಡಿಸ್‌ಅಸೆಂಬ್ಲಿ ನಿಮ್ಮ ಸೋರ್ಸ್ ಸಾಲಿನಂತೇ ಓದಿಸಿಕೊಂಡರೆ ಮಾತ್ರ ಮುಂದುವರಿಯಿರಿ. ಒಂದು ವಿಷಯ: ನೀವು ಸೋರ್ಸ್‌ನಲ್ಲಿ ಅಳಿಸಿದ ಲೇಬಲ್ ಮಾನಿಟರ್‌ನಲ್ಲಿ ಉಳಿದೇ ಇರುತ್ತೆ. ಅದನ್ನು ಡಿಎಲ್ ಕಮಾಂಡಿನಿಂದ ತೆಗೆಯಿರಿ. ನಾನಂತೂ ವೈಸ್ ಮುಚ್ಚಿ, ಶುರುವಿನಲ್ಲೇ ಮಾನಿಟರ್ ಕಮಾಂಡ್ ಫೈಲ್ ಓಡಿಸುವ ಹೈಫನ್ ಮಾನ್‌ಕಮಾಂಡ್ಸ್ ಆಪ್ಷನ್‌ಗೆ ಲೇಬಲ್ ಫೈಲ್ ಕೊಟ್ಟು ಮತ್ತೆ ತೆರೆಯುತ್ತೇನೆ.