ಕೊಡಚಾದ್ರಿ ಜೀಪು ಎದ್ದು ನಿಲ್ಲುವಂತೆ ಮಾಡುವುದು ಹೇಗೆ?

ಮಲೆನಾಡಿನಲ್ಲಿ ಮಳೆ ಹಿಡಿದರೆ ಶಾಲೆಗೆ ರಜೆ ಸಿಕ್ಕರೂ ಮಕ್ಕಳು ಅಂಗಳಕ್ಕೆ ಇಳಿಯುವ ಹಾಗಿಲ್ಲ. ಅಂಥ ದಿನಗಳಿಗೆ ಹೇಳಿ ಮಾಡಿಸಿದ ಕೆಲಸ ಇದು. ಪ್ಲಾಸ್ಟಿಕ್ ಇಟ್ಟಿಗೆಗಳಿಂದ ಒಂದು ಜೀಪು ಕಟ್ಟೋಣ. ಸ್ವಿಚ್ ಒತ್ತಿದರೆ ಅದು ತಾನಾಗಿ ಎದ್ದು ನಿಂತು ರೋಬೊ ಆಗಬೇಕು. ಜೀಪೇ ಏಕೆ? ಕೊಡಚಾದ್ರಿಯ ಕಲ್ಲುದಾರಿ ಹತ್ತುವ ಜೀಪುಗಳನ್ನು ನೋಡಿ ಬೆಳೆದ ನಮ್ಮ ಮಕ್ಕಳಿಗೆ ಅದಕ್ಕಿಂತ ದೊಡ್ಡ ಹೀರೊ ಬೇರೆ ಇಲ್ಲ. ಅದರ ಮೈಯೂ ಚೌಕ ಚೌಕ, ಇಟ್ಟಿಗೆಯಲ್ಲಿ ಕಟ್ಟಲು ಸಲೀಸು.

ಟ್ರಾನ್ಸ್‌ಫಾರ್ಮರ್ಸ್ ಕಥೆಗಳಲ್ಲಿ ಲಾರಿಯಾಗಿ ಬದಲಾಗುವ ರೋಬೊ ಆಪ್ಟಿಮಸ್ ಪ್ರೈಮ್. ಲೆಗೊ ಕಂಪನಿ 2022ರಲ್ಲಿ 1,508 ತುಂಡುಗಳ ಅದರ ಸೆಟ್ ತಂದಿತು. ಒಂದು ತುಂಡನ್ನೂ ಬಿಚ್ಚದೆ ಲಾರಿಯನ್ನು ರೋಬೊ ಮಾಡಬಹುದು. ಆದರೆ ಮಡಚುವುದು, ಬಿಡಿಸುವುದು ಎಲ್ಲ ಕೈಯಲ್ಲೇ. ಆ ಕೆಲಸವನ್ನು ಮೋಟಾರಿಗೆ ವಹಿಸಿದ ಕೂಡಲೇ ಲೆಕ್ಕ ಬದಲಾಗುತ್ತದೆ. ರೂಪ ಹೇಗಿರಬೇಕು ಅನ್ನುವುದು ಆಮೇಲಿನ ಮಾತು. ಭಾರ ಎಲ್ಲಿರಬೇಕು ಅನ್ನುವುದನ್ನು ಮೊದಲು ತೀರ್ಮಾನಿಸಬೇಕು.

ಏನೇನು ಬೇಕು?

ಒಂದು ಮಧ್ಯಮ ಗಾತ್ರದ ಮೋಟಾರು ಮತ್ತು ಆರು ಎಎ ಸೆಲ್‌ಗಳ ಬ್ಯಾಟರಿ ಬಾಕ್ಸ್. ಲೆಗೊದ 2007ರ ಪವರ್ ಫಂಕ್ಷನ್ಸ್ ಸಾಲಿನವು ಹಳೆಯದಾದರೂ ಈ ಕೆಲಸಕ್ಕೆ ನನಗೆ ಅವೇ ಇಷ್ಟ. ಮುಂದೆ–ಹಿಂದೆ ತಿರುಗಿಸುವ ಸ್ವಿಚ್ ಬಾಕ್ಸಿನ ಮೇಲೇ ಇದೆ, ಮೊಬೈಲ್ ಬೇಡ. ಒಂದು ವರ್ಮ್ ಗೇರ್ (ಸ್ಕ್ರೂವಿನಂತೆ ಸುರುಳಿ ಹಲ್ಲಿನದು), 24 ಹಲ್ಲಿನ ಎರಡು ಗೇರ್, 24 ಹಲ್ಲಿನ ಒಂದು ಕ್ಲಚ್ ಗೇರ್ (ಒತ್ತಡ ಜಾಸ್ತಿಯಾದರೆ ಜಾರುವಂಥದು), 8 ಹಲ್ಲಿನವು ಎರಡು, 40 ಹಲ್ಲಿನವು ಎರಡು. ಉಳಿದಂತೆ ತೂತಿನ ಪಟ್ಟಿಗಳಾದ ಬೀಮ್, ಅವನ್ನು ಕೂಡಿಸುವ ಪಿನ್, ಗೇರು–ಚಕ್ರ ಕೂರಿಸುವ ಕಡ್ಡಿಗಳಾದ ಆಕ್ಸಲ್, ನಾಲ್ಕು ಚಕ್ರ, ದಾರ, ರಬ್ಬರ್ ಬ್ಯಾಂಡ್. ತುಂಡುಗಳನ್ನು ಬಗೆಬಗೆಯಾಗಿ ವಿಂಗಡಿಸಲು ಅಡಿಕೆ ಹಾಳೆಯ ತಟ್ಟೆಗಳೇ ಸಾಕು.

ಒಂದು ಅಳತೆ ನೆನಪಿಟ್ಟುಕೊಳ್ಳಿ. ಬೀಮಿನ ಒಂದು ತೂತಿನಿಂದ ಪಕ್ಕದ ತೂತಿಗೆ 8 ಮಿಲಿಮೀಟರ್. ಎಲ್ಲ ಲೆಕ್ಕವೂ ಇದರ ಮೇಲೆಯೇ ನಿಂತಿದೆ.

ಮೊದಲು ಪಾದ

ಎಲ್ಲರಿಗೂ ಬಾನೆಟ್ಟಿನಿಂದ ಶುರು ಮಾಡುವ ಆಸೆ. ದಯವಿಟ್ಟು ಪಾದದಿಂದ ಶುರು ಮಾಡಿ. ಜೀಪಿನ ಹಿಂಭಾಗವೇ ರೋಬೊದ ಪಾದ, ಉಳಿದದ್ದು ಮೈ. ಎರಡೂ ಸೇರುವಲ್ಲಿ ಮಡಚುವ ಕೀಲು, ಕೀಲಿಗೆ ತಾಗಿದ ಮೈಯ ಭಾಗವೇ ತೊಡೆ. ಬ್ಯಾಟರಿ ಬಾಕ್ಸನ್ನು ಅಲ್ಲೇ ಇಡಿ, ಅದರ ಮೇಲೆ ಮೋಟಾರು. ಆರು ಆಲ್ಕಲೈನ್ ಸೆಲ್‌ಗಳೇ ಸುಮಾರು 140 ಗ್ರಾಂ ತೂಗುತ್ತವೆ. ಬಾನೆಟ್ಟಿನಲ್ಲಿ ಇಟ್ಟರೆ ಅಷ್ಟನ್ನೂ ಮೋಟಾರು ಎತ್ತಬೇಕು. ಪಾದದಲ್ಲಿದ್ದರೆ ಎತ್ತುವ ಭಾರವೂ ಕಡಿಮೆ, ನಿಂತ ರೋಬೊ ಬೀಳುವುದೂ ಇಲ್ಲ. ವೈರು ಕೀಲನ್ನು ದಾಟಿ ಹೋಗಬೇಕಾಗಿಲ್ಲ, ಅದೂ ಒಂದು ಲಾಭವೇ.

ಪಾದದ ಬುಡದಿಂದ ಮುಂದಕ್ಕೆ, ಜೀಪಿನ ಹೊಟ್ಟೆಯ ಕೆಳಗೆ, 11 ತೂತಿನ ಎರಡು ಬೀಮ್‌ಗಳನ್ನು ಚಾಚಿ. ಇವು ರೋಬೊದ ಉದ್ದ ಬೆರಳುಗಳು. ಇವಿಲ್ಲದಿದ್ದರೆ ಮೈ ಏಳುವುದಿಲ್ಲ. ಮುಂದಿನ ಚಕ್ರ ನೆಲದಲ್ಲೇ ಇದ್ದು ಪಾದವೇ ಚೇಳಿನ ಬಾಲದಂತೆ ಮೇಲೇಳುತ್ತದೆ. ಲೆಕ್ಕ ಹೀಗಿದೆ: ಮೈ 350 ಗ್ರಾಂ ಇದ್ದು ಅದರ ಭಾರದ ನಡುಬಿಂದು ಕೀಲಿನಿಂದ 12 ಸೆಂಟಿಮೀಟರ್ ಮುಂದಿರಲಿ. ಪಾದ 250 ಗ್ರಾಂ ಇದ್ದು ಅದರ ನಡುಬಿಂದು 5 ಸೆಂಟಿಮೀಟರ್ ಹಿಂದಿರಲಿ. ಆಗ ಬೆರಳು ಕೀಲಿನಿಂದ ಮುಂದಕ್ಕೆ ಕನಿಷ್ಠ 5 ಸೆಂಟಿಮೀಟರ್ ಚಾಚಬೇಕು. 11 ತೂತಿನ ಬೀಮ್ 8.8 ಸೆಂಟಿಮೀಟರ್ ಇರುವುದರಿಂದ ಯೋಚನೆಯಿಲ್ಲ. ಜೀಪು ಓಡುವಾಗ ತಾಗದಂತೆ ಪಾದ ನೆಲದಿಂದ ಸುಮಾರು 3 ಮಿಲಿಮೀಟರ್ ಮೇಲಿರಲಿ. ಹಿಂದಿನ ಚಕ್ರಗಳನ್ನು ಪಾದಕ್ಕಲ್ಲ, ಕೀಲಿನ ಮುಂದೆ ತೊಡೆಯ ಭಾಗಕ್ಕೆ ಹಾಕಿ. ಮೈ ಎದ್ದಾಗ ಅವೂ ಮೇಲೇಳುತ್ತವೆ, ಪಾದ ನೆಲಕ್ಕೆ ಕೂರುತ್ತದೆ.

ಗೇರುಗಳ ಸಾಲು

ಅಡಿಕೆ ತೋಟದಲ್ಲಿ ನೆಲದ ಮೇಲಿರುವ ಉದ್ದದ ಏಣಿ ಎತ್ತಿದವರಿಗೆ ಇದು ಗೊತ್ತು. ನೆಲದಿಂದ ಬಿಡಿಸುವಾಗಲೇ ಜಾಸ್ತಿ ಭಾರ, ನೆಟ್ಟಗಾಗುತ್ತಾ ಹಗುರ. ನಮ್ಮ ಜೀಪೂ ಹಾಗೇ. ಮಲಗಿದ್ದಾಗ 350 ಗ್ರಾಂ, 12 ಸೆಂಟಿಮೀಟರ್: ಗುಣಿಸಿದರೆ 4,200 ಗ್ರಾಂ-ಸೆಂಟಿಮೀಟರ್, ಅಂದರೆ ಕೀಲನ್ನು ತಿರುಗಿಸಲು ಬೇಕಾದ ಬಲದ ಲೆಕ್ಕ. ಇಷ್ಟನ್ನು ಮೋಟಾರು ನೇರವಾಗಿ ಎತ್ತಲಾರದು.

ಅದಕ್ಕೇ ಗೇರು. ಮೋಟಾರಿನ ಆಕ್ಸಲ್‌ಗೆ ಕ್ಲಚ್ ಗೇರ್ ಹಾಕಿ, ಅದಕ್ಕೆ 24 ಹಲ್ಲಿನ ಇನ್ನೊಂದನ್ನು ಕೂಡಿಸಿ. ಎರಡನೆಯದರ ಆಕ್ಸಲ್ ಮೇಲೆ ವರ್ಮ್ ಗೇರ್. ಅದು ಉಳಿದ 24 ಹಲ್ಲಿನ ಗೇರನ್ನು ತಿರುಗಿಸುತ್ತದೆ. ವರ್ಮ್ ಒಂದು ಸುತ್ತು ಹೊಡೆದರೆ ಆ ಗೇರು ಒಂದೇ ಹಲ್ಲು ಸರಿಯುತ್ತದೆ. ಆ ಗೇರಿನ ಆಕ್ಸಲ್‌ನ ಎರಡೂ ತುದಿಗೆ 8 ಹಲ್ಲಿನವು, ಅವಕ್ಕೆ 40 ಹಲ್ಲಿನವು. ಒಟ್ಟು 24 ಗುಣಿಸು 5, ಅಂದರೆ 120 ಪಟ್ಟು. 4,200ನ್ನು 120ರಿಂದ ಭಾಗಿಸಿದರೆ ಮೋಟಾರಿನ ಪಾಲಿಗೆ ಉಳಿಯುವುದು 35. ವರ್ಮ್‌ನಲ್ಲಿ ಉಜ್ಜಾಟ ಜಾಸ್ತಿ. ಅದಕ್ಕೆ ಮೂರು–ನಾಲ್ಕು ಪಟ್ಟು ಸೇರಿಸಿಕೊಂಡರೂ ಮೋಟಾರು ಆರಾಮವಾಗಿ ಎತ್ತುತ್ತದೆ. ಮೋಟಾರು ನಿಮಿಷಕ್ಕೆ 300 ಸುತ್ತು ಹೊಡೆದರೆ ಜೀಪು ಏಳಲು 6 ಸೆಕೆಂಡು. ನೋಡಲು ಹದವಾದ ವೇಗ.

ವರ್ಮ್ ಗೇರಿನ ದೊಡ್ಡ ಗುಣ ಇನ್ನೊಂದಿದೆ. ಅದು ಗೇರನ್ನು ತಿರುಗಿಸುತ್ತದೆ, ಗೇರು ಅದನ್ನು ತಿರುಗಿಸಲಾರದು. ಅರ್ಧದಲ್ಲಿ ಕರೆಂಟು ನಿಲ್ಲಿಸಿದರೂ ಜೀಪು ಅಲ್ಲೇ ನಿಲ್ಲುತ್ತದೆ, ಧೊಪ್ಪನೆ ಬೀಳುವುದಿಲ್ಲ.

8 ಮತ್ತು 40 ಹಲ್ಲಿನ ಗೇರುಗಳ ಆಕ್ಸಲ್‌ಗಳ ನಡುವೆ ಮೂರು ತೂತಿನ ಅಂತರ, ವರ್ಮ್ ಮತ್ತು 24ರ ನಡುವೆ ಎರಡು ತೂತಿನ ಅಂತರ ಇರಬೇಕು. ಪ್ರತಿ ಆಕ್ಸಲ್‌ಗೂ ಎರಡೂ ಬದಿಯಲ್ಲಿ ಬೀಮ್ ಆಧಾರ ಕೊಡಿ. 40 ಹಲ್ಲಿನ ಗೇರುಗಳನ್ನು ತೊಡೆಯ ಬೀಮಿಗೆ ಬಿಗಿಯಾಗಿ ಕೂಡಿಸಿ. ಬರೀ ಆಕ್ಸಲ್ ನಂಬಿದರೆ ಅದು ತಿರುಚಿಕೊಳ್ಳುತ್ತದೆ.

ಅಸ್ಥಿಪಂಜರ ಮಾತ್ರ

ಈಗ ಮೈಯ ಚೌಕಟ್ಟು. ಎರಡು ಉದ್ದ ಬೀಮ್, ಅಡ್ಡ ಕಟ್ಟುಗಳು, ಹೆಗಲಲ್ಲಿ ಮುಂದಿನ ಚಕ್ರ. ಅಷ್ಟೇ. ಬಣ್ಣದ ಇಟ್ಟಿಗೆ ಇನ್ನೂ ಮುಟ್ಟಬೇಡಿ. ಬದಲಿಗೆ ಒಂದಿಷ್ಟು ಇಟ್ಟಿಗೆಯನ್ನು ಚೀಲದಲ್ಲಿ ಹಾಕಿ, ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ, ಚೌಕಟ್ಟಿಗೆ ಕಟ್ಟಿ. ಮೈಯನ್ನು ಕಳಚಿ ಪೆನ್ಸಿಲ್ ಮೇಲೆ ಅಡ್ಡ ಇಟ್ಟು ತೂಗಿಸಿದರೆ ಭಾರದ ನಡುಬಿಂದು ಸಿಗುತ್ತದೆ. ಮತ್ತೆ ಜೋಡಿಸಿ, ಸ್ವಿಚ್ ಹಾಕಿ, ಕಿವಿ ಕೊಡಿ. 8 ಹಲ್ಲಿನ ಗೇರಿನ ಹತ್ತಿರ ಟಕ್ ಟಕ್ ಕೇಳಿಸಿದರೆ ಹಲ್ಲುಗಳು ಜಾರುತ್ತಿವೆ, ಬೀಮ್‌ಗಳು ಅಗಲುತ್ತಿವೆ ಎಂದರ್ಥ. ಅಲ್ಲಿಗೆ ಇನ್ನೊಂದು ಅಡ್ಡ ಕಟ್ಟು ಹಾಕಿ.

ನೆಟ್ಟಗೆ ನಿಂತ ಕೂಡಲೇ ತಡೆಯಲು ತೊಡೆಯ ಹಿಂದೆ ಒಂದು ತಡೆ ಬೀಮ್ ಇರಲಿ. ಮೈ ಅದಕ್ಕೆ ತಾಗಿದಾಗ ಕ್ಲಚ್ ಗೇರ್ ತಾನೇ ಜಾರುತ್ತದೆ, ಮೋಟಾರು ಉಳಿಯುತ್ತದೆ.

ತಲೆ ಮತ್ತು ಕೈ

ತಲೆ ಬಾನೆಟ್ಟಿನೊಳಗೆ ಮಡಚಿರುತ್ತದೆ. ಅದಕ್ಕೆ ಬೇರೆ ಮೋಟಾರು ಬೇಡ. ಬೆರಳಿನ ತುದಿಗೆ ದಾರ ಕಟ್ಟಿ, ಎದೆಯ ಒಂದು ತೂತಿನಿಂದ ತೂರಿಸಿ, ತಲೆಯ ಕೀಲಿಗೆ ಕಟ್ಟಿ. ಮೈ ಏಳುತ್ತಾ ಬೆರಳು ಎದೆಯಿಂದ ದೂರವಾಗುತ್ತದೆ, ದಾರ ಬಿಗಿಯುತ್ತದೆ, ತಲೆ ಹೊರಗೆ ಬರುತ್ತದೆ. ದಾರವನ್ನು ಸಾಕಷ್ಟು ಸಡಿಲ ಬಿಡಿ, ಕೊನೆಯ ಗಳಿಗೆಯಲ್ಲಷ್ಟೇ ಎಳೆಯಬೇಕು. ಜೀಪು ಮಲಗುವಾಗ ತಲೆಯನ್ನು ಒಳಗೆ ಎಳೆಯಲು ರಬ್ಬರ್ ಬ್ಯಾಂಡ್. ಇಡೀ ಮಾದರಿಯಲ್ಲಿ ಮಕ್ಕಳು ಮತ್ತೆ ಮತ್ತೆ ನೋಡುವುದು ಇದನ್ನೇ.

ಬಾಗಿಲುಗಳೇ ಕೈ. ಹೆಗಲಿಗೆ ಸಲೀಸಾಗಿ ತಿರುಗುವ ಬೂದು ಪಿನ್ ಹಾಕಿ, ಬಿಗಿ ಹಿಡಿಯುವ ಕಪ್ಪು ಪಿನ್ ಬೇಡ. ಆಗ ತಾವಾಗಿ ಜೋತಾಡುತ್ತವೆ.

ಕೊನೆಗೆ ಹೊದಿಕೆ: ಬಾನೆಟ್ಟು, ದೀಪ, ಗ್ರಿಲ್, ಹಿಂದೆ ಸ್ಟೆಪ್ನಿ. ಚೀಲದಲ್ಲಿ ತೂಗಿದ್ದಕ್ಕಿಂತ ಜಾಸ್ತಿ ಆಗದಿರಲಿ. ಹೆಗಲ ಕಡೆ ತೆಳು ಪ್ಲೇಟು, ದಪ್ಪ ಇಟ್ಟಿಗೆ ಎಲ್ಲ ಪಾದದ ಕಡೆ.

ಆಟ ಮುಗಿದ ಮೇಲೆ ಸೆಲ್ ತೆಗೆದಿಡಿ. ನಮ್ಮ ಮಳೆಗಾಲದ ತೇವಕ್ಕೆ ಬಾಕ್ಸಿನೊಳಗಿನ ಲೋಹದ ಪಟ್ಟಿ ಬೇಗ ಹಸಿರುಗಟ್ಟುತ್ತದೆ. ಇಟ್ಟಿಗೆಗಳಿಗೆ ಬೂಷ್ಟು ಬಂದರೆ ಉಗುರುಬೆಚ್ಚಗಿನ ಸೋಪುನೀರಿನಲ್ಲಿ ತೊಳೆಯಿರಿ, 40 ಡಿಗ್ರಿ ದಾಟಬಾರದು. ಬಟ್ಟೆಯ ಜೊತೆ ಬಚ್ಚಲ ಒಲೆಯ ಮೇಲೆ ಒಣಗಿಸಲು ಹೋಗಬೇಡಿ, ಸೊಟ್ಟಗಾದ ಇಟ್ಟಿಗೆ ಮತ್ತೆ ಕೂರುವುದಿಲ್ಲ. ಫ್ಯಾನಿನ ಕೆಳಗೆ ಹರವಿದರೆ ಸಾಕು.